ಹೂಂಗುಟ್ಟುವವರು ಎಲ್ಲಿ?

ಕಂಪ್ಲಿಯ ಕುಮಾರರಾಮನ ಕಥೆ ಹೇಳು ಎಂದರೆ ಚಾಟ್‌ಬಾಟ್ ಕ್ಷಣದಲ್ಲಿ ಅಚ್ಚುಕಟ್ಟಾದ ಸಾರಾಂಶ ಒಪ್ಪಿಸುತ್ತದೆ. ಎಷ್ಟು ನೆನಪಿದೆ, ಎಷ್ಟು ಬೇಗ ಹೇಳುತ್ತದೆ ಎಂಬುದರಿಂದಲೇ ನಾವು ಯಂತ್ರದ ಜಾಣತನವನ್ನು ಅಳೆಯುತ್ತಿದ್ದೇವೆ. ನನ್ನ ತಕರಾರು ಈ ಅಳತೆಗೋಲಿನ ಮೇಲೆಯೇ.

ಇದೇ ಕಥೆಯನ್ನು ಸಂಡೂರು ತಾಲ್ಲೂಕಿನ ದರೋಜಿ ಈರಮ್ಮ ಬುರ್ರಕಥೆಯಾಗಿ ಹಾಡುತ್ತಿದ್ದರು. ಅಕ್ಷರ ಕಲಿಯದ ಅವರಿಗೆ ಹಂಪಿ ಕನ್ನಡ ವಿಶ್ವವಿದ್ಯಾಲಯ ನಾಡೋಜ ಗೌರವ ನೀಡಿತು. ಅವರ ಮಾತು ಬಂದಾಗಲೂ ನಾವು ಹೊಗಳುವುದು ನೆನಪಿನ ಶಕ್ತಿಯನ್ನೇ. ಹಾಡಿದ್ದು ಎಷ್ಟು ಕಾವ್ಯ, ಅಚ್ಚಾದರೆ ಎಷ್ಟು ಪುಟ ಎಂಬ ಲೆಕ್ಕವನ್ನೇ. ಬುರ್ರಕಥೆ ಬಾಯಿಪಾಠ ಒಪ್ಪಿಸುವ ಕೆಲಸವಲ್ಲ. ತಂಬೂರಿ ಹಿಡಿದ ಕಥೆಗಾರ್ತಿ ಸೊಲ್ಲು ಬಿಟ್ಟರೆ ಜೊತೆಯವರು ಅದನ್ನು ಎತ್ತಿಕೊಳ್ಳುತ್ತಾರೆ, ಹೂಂಗುಟ್ಟುತ್ತಾರೆ, ಅಡ್ಡಪ್ರಶ್ನೆ ಹಾಕಿ ನಗಿಸುತ್ತಾರೆ. ಕೇಳುವವರ ಕಣ್ಣು ತೇವಗೊಂಡಲ್ಲಿ ಕಥೆ ತಂಗುತ್ತದೆ, ಅವರು ಆಕಳಿಸಿದಲ್ಲಿ ಓಡುತ್ತದೆ. ಚಾಟ್‌ಬಾಟನ್ನು ಕೆಣಕಿ ನೋಡಿ: ಕ್ಷಮೆ ಕೇಳಿ ಮಾತು ಬದಲಿಸಿಬಿಡುತ್ತದೆ. ಪಳಗಿದ ಕಥೆಗಾರ್ತಿ ಅಷ್ಟು ಸುಲಭಕ್ಕೆ ಜಗ್ಗುವವಳಲ್ಲ.

ದೂರನ್ನೆಲ್ಲ ಯಂತ್ರದ ಮೇಲೆ ಹೊರಿಸಲಾರೆ. ಅದು ಕಲಿಯುವುದು ಬಹುಪಾಲು ಬರಹದಿಂದ. ಬರಹಕ್ಕಿಳಿಸುವಾಗ ಹೂಂಗುಟ್ಟನ್ನೂ ಸಭೆಯ ನಗುವನ್ನೂ ಕಸವೆಂದು ಗುಡಿಸಿ ಹಾಕುತ್ತ ಬಂದವರು ಸಂಪಾದಕರು, ನಮ್ಮಂಥ ಸಂಶೋಧಕರು. ನಾವು ಸೋಸಿ ಕೊಟ್ಟದ್ದನ್ನೇ ಅದು ನಮಗೆ ಬಡಿಸುತ್ತಿದೆ.

ಈರಮ್ಮ 2014ರಲ್ಲಿ ತೀರಿಕೊಂಡರು. ಈಗ ಜನಪದ ಹಾಡುಗಳ ಧ್ವನಿಮುದ್ರಣಗಳನ್ನೂ ಯಂತ್ರಕ್ಕೆ ಉಣಿಸುವ ಮಾತು ನಡೆದಿದೆ. ಉಣಿಸುವುದಾದರೆ ಹಾಡಿದವರನ್ನೋ ಅವರ ಮನೆಯವರನ್ನೋ ಕೇಳಿ ಉಣಿಸಲಿ. ಲಿಪಿಗಿಳಿಸುವಾಗ ಜೊತೆಯವರ ‘ಹೂಂ’ಗೂ ಒಂದು ಸಾಲು ಇರಲಿ, ಅವರ ಹೆಸರು ಸಮೇತ.