ನಾಗರಖಂಡದ ಶಾಸನಗಳು ಮತ್ತು ಸಾಲೆತೊರೆಯವರ ಇತಿಹಾಸದೃಷ್ಟಿ

ಕರ್ನಾಟಕದ ಜೈನ ಇತಿಹಾಸವನ್ನು ಶಾಸನಗಳ ಆಧಾರದ ಮೇಲೆ ಸಮಗ್ರವಾಗಿ ನಿರೂಪಿಸಿದವರಲ್ಲಿ ಡಾ. ಭಾಸ್ಕರ ಆನಂದ ಸಾಲೆತೊರೆಯವರು ಪ್ರಮುಖರು. ವಿಜಯನಗರದ ಸಾಮಾಜಿಕ ಹಾಗೂ ರಾಜಕೀಯ ಜೀವನವನ್ನು ಕುರಿತ ಅವರ ಗ್ರಂಥ 1934ರಲ್ಲಿ, ತುಳುವದ ಇತಿಹಾಸ 1936ರಲ್ಲಿ, ‘ಮಿಡೀವಲ್ ಜೈನಿಸಂ’ 1938ರಲ್ಲಿ ಪ್ರಕಟವಾದವು. ಮುಂದೆ ಅವರು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಇತಿಹಾಸದ ಪ್ರಾಧ್ಯಾಪಕರಾದರು. ವಿದ್ವಾಂಸನ ಯೋಗ್ಯತೆಯು ಆತನ ಪದವಿಗಿಂತಲೂ ಹೆಚ್ಚಾಗಿ, ಆಧಾರಗಳೊಡನೆ ಆತ ನಡೆದುಕೊಂಡ ರೀತಿಯಲ್ಲಿ ತಿಳಿಯುತ್ತದೆ. ಆ ಪರೀಕ್ಷೆಗೆ ಇಂದಿನ ಶಿಕಾರಿಪುರ, ಸೊರಬ ತಾಲ್ಲೂಕುಗಳ ಶಾಸನಗಳು ತಕ್ಕ ಒರೆಗಲ್ಲಾಗಿವೆ.

ಬಿ.ಎಲ್. ರೈಸ್ ಅವರು ‘ಎಪಿಗ್ರಾಫಿಯಾ ಕರ್ನಾಟಿಕಾ’ದ 7 ಮತ್ತು 8ನೆಯ ಸಂಪುಟಗಳಲ್ಲಿ ಈ ಸೀಮೆಯ ಶಾಸನಗಳನ್ನು ಅಚ್ಚಿಗೆ ತಂದಿದ್ದರು. ಅಲ್ಲಿ ಚದುರಿಹೋಗಿದ್ದ ಬಸದಿ, ದತ್ತಿ, ಸಮಾಧಿಗಳ ಉಲ್ಲೇಖಗಳನ್ನು ಸಾಲೆತೊರೆಯವರು ಒಂದು ಜನಸಮುದಾಯದ ಚರಿತ್ರೆಯಾಗಿ ಹೆಣೆದರು. ಹೇಳಿದ ಮಾತಿಗೆ ಶಾಸನದ ಆಧಾರವನ್ನು ಸೂಚಿಸುವ ಅವರ ಕ್ರಮವು ಓದುಗನಿಗೆ ಪರಿಶೀಲನೆಯ ಸ್ವಾತಂತ್ರ್ಯವನ್ನು ನೀಡುತ್ತದೆ. ಸತ್ಯವ್ರತವು ವಿದ್ವತ್ತಿನಲ್ಲಿ ತಾಳುವ ರೂಪ ಇದೇ.

ಆದರೆ ಅವರ ವಿಂಗಡಣೆಯು ಕೆಲವೆಡೆ ಆಧಾರಕ್ಕಿಂತ ಕಿರಿದಾಗಿದೆ. ಶಿಕಾರಿಪುರ ತಾಲ್ಲೂಕಿನ ಬಂದಳಿಕೆ, ಅಂದರೆ ಪ್ರಾಚೀನ ಬಂದಣಿಕೆಯ ಶಾಸನದಲ್ಲಿ ಜಕ್ಕಿಯಬ್ಬೆಯ ವೃತ್ತಾಂತವಿದೆ. 10ನೆಯ ಶತಮಾನದ ಆರಂಭದಲ್ಲಿ, ಪತಿ ಸತ್ತರಸ ನಾಗಾರ್ಜುನನು ತೀರಿಕೊಂಡ ಬಳಿಕ, ನಾಗರಖಂಡ 70ರ ನಾಳ್ಗಾವುಂಡಿಕೆ ಆಕೆಗೆ ದೊರೆಯಿತು. ಆಕೆ ನಾಡನ್ನು ಸಮರ್ಥವಾಗಿ ಆಳಿದಳು. ವ್ಯಾಧಿಗೊಳಗಾದಾಗ ಹೊಣೆಯನ್ನು ಮಗಳಿಗೊಪ್ಪಿಸಿ, ಬಂದಣಿಕೆಯ ಬಸದಿಯಲ್ಲಿ ವ್ರತಪೂರ್ವಕವಾಗಿ ದೇಹತ್ಯಾಗ ಮಾಡಿದಳು. ಸಾಲೆತೊರೆಯವರು ಈಕೆಯನ್ನು ಧರ್ಮರಕ್ಷಕ ಸ್ತ್ರೀಯರ ಸಾಲಿನಲ್ಲಿ ನಿಲ್ಲಿಸುತ್ತಾರೆ. ಅದು ಗೌರವದ ಸ್ಥಾನವೇ ಸರಿ. ಆದರೆ ಶಾಸನದ ಜಕ್ಕಿಯಬ್ಬೆ ಭಕ್ತೆಯಾಗಿರುವಂತೆಯೇ ಆಡಳಿತಗಾರ್ತಿಯೂ ಹೌದು. ಅಧಿಕಾರವನ್ನು ದಕ್ಷತೆಯಿಂದ ನಡೆಸುವುದೂ ಕಾಲ ಬಂದಾಗ ಕ್ರಮವಾಗಿ ಬಿಟ್ಟುಕೊಡುವುದೂ ಆಕೆಯಲ್ಲಿ ಒಂದೇ ಶೀಲದ ಎರಡು ಮುಖಗಳು. ‘ರಕ್ಷಕಿ’ ಎಂಬ ಹೆಸರಿನಲ್ಲಿ ಆ ಶೀಲವು ಅರ್ಧ ಮರೆಯಾಗುತ್ತದೆ.

ರಾಜಾಶ್ರಯಕ್ಕೆ ಅವರು ಕೊಡುವ ಪ್ರಾಧಾನ್ಯವೂ ವಿಚಾರಾರ್ಹವಾಗಿದೆ. ಜೈನರಿಗೂ ಶ್ರೀವೈಷ್ಣವರಿಗೂ ಉಂಟಾದ ವ್ಯಾಜ್ಯವನ್ನು ಬುಕ್ಕರಾಯನು 1368ರಲ್ಲಿ ತೀರ್ಮಾನಿಸಿದುದು ಸುಪ್ರಸಿದ್ಧ. ಅದಕ್ಕೆ ಸುಮಾರು ಮೂರು ಶತಮಾನಗಳ ಮೊದಲೇ ಸೊರಬ ತಾಲ್ಲೂಕಿನ ಕುಪ್ಪಟೂರಿನಲ್ಲಿ ಬೇರೊಂದು ಮಾರ್ಗ ಗೋಚರಿಸುತ್ತದೆ. ಕದಂಬ ಕೀರ್ತಿದೇವನ ರಾಣಿ ಮಾಳಲದೇವಿಯು ಅಲ್ಲಿಯ ಪಾರ್ಶ್ವದೇವ ಚೈತ್ಯಾಲಯದ ಪ್ರತಿಷ್ಠೆಯ ಕಾಲದಲ್ಲಿ ಅಗ್ರಹಾರದ ಬ್ರಾಹ್ಮಣರನ್ನು ಸತ್ಕರಿಸಿ, ಅವರಿಂದಲೇ ಅದಕ್ಕೆ ‘ಬ್ರಹ್ಮಜಿನಾಲಯ’ವೆಂಬ ಹೆಸರನ್ನಿಡಿಸಿದಳು. ಬುಕ್ಕನದು ಕಲಹದ ಅನಂತರ ಬಂದ ರಾಜಾಜ್ಞೆ; ಮಾಳಲದೇವಿಯದು ಕಲಹಕ್ಕೆ ಎಡೆಗೊಡದ ಸೌಜನ್ಯ. ಸಾಲೆತೊರೆಯವರು ಕಲೆಹಾಕಿದ ಸಾಮಗ್ರಿಯೇ ಈ ತಾರತಮ್ಯವನ್ನು ಕಾಣಲು ನೆರವಾಗುತ್ತದೆ ಎಂಬುದು ಅವರ ಹಿರಿಮೆ.

ಗ್ರಂಥವನ್ನು ಪೂಜಿಸಿ ಮುಚ್ಚಿಡುವುದು ಅದರ ಕರ್ತೃವಿಗೆ ಸಲ್ಲುವ ಗೌರವವಾಗಲಾರದು. ಅವರು ಆಧಾರವನ್ನು ಸೂಚಿಸಿದ್ದು ಮತ್ತೆ ಕಲ್ಲಿನ ಬಳಿಗೆ ಹೋಗಿ ನೋಡಲೆಂದೇ. ಕಲ್ಲು ಉಳಿದರೆ ಮಾತ್ರ ಆ ಸೂಚನೆಗೆ ಅರ್ಥ. ಜೀರ್ಣೋದ್ಧಾರದ ಭರದಲ್ಲಿ ಶಾಸನದ ಮೇಲೆ ಸುಣ್ಣ ಬಳಿದರೆ, ನಿಸಿದಿಗಲ್ಲನ್ನು ಪಾವಟಿಗೆಗೆ ಹಾಸಿದರೆ, ಜಕ್ಕಿಯಬ್ಬೆಯಂಥವರ ಏಕೈಕ ಸಾಕ್ಷಿಯೇ ಅಳಿದುಹೋಗುತ್ತದೆ. ಬಸದಿಯ ಗೋಡೆಯಷ್ಟೇ ಅದರ ಅಕ್ಷರವೂ ಪವಿತ್ರವೆಂದು ಬಗೆಯುವ ಆಡಳಿತ ಮಂಡಳಿಗಳು ಈ ಪ್ರಾಧ್ಯಾಪಕರ ಕಾರ್ಯವನ್ನು ನಿಜವಾಗಿ ಮುಂದುವರಿಸುತ್ತವೆ.