ಲಿಪಿಯಿಲ್ಲದ ಮೊದಲ ಸಾಲು

ಇಂಗ್ಲಿಷ್ ವಿಕಿಪೀಡಿಯದಲ್ಲಿ ಭಾರತದ ಯಾವುದಾದರೂ ಊರಿನ ಪುಟವನ್ನು ತೆರೆದರೆ ಒಂದು ಗೈರುಹಾಜರಿ ಕಣ್ಣಿಗೆ ಬೀಳುತ್ತದೆ. ಊರಿನ ಹೆಸರು ರೋಮನ್ ಅಕ್ಷರಗಳಲ್ಲಿರುತ್ತದೆ, ಉಚ್ಚಾರಣೆಗೆ ಧ್ವನಿಸಂಕೇತಗಳೂ ಇರಬಹುದು. ಆ ಊರಿನವರು ಬರೆಯುವ ಲಿಪಿ ಮಾತ್ರ ಸಾಮಾನ್ಯವಾಗಿ ಇರುವುದಿಲ್ಲ. ಮಾಸ್ಕೋ, ಟೋಕಿಯೊಗಳ ಪುಟಗಳಲ್ಲಿ ಸ್ಥಳೀಯ ಲಿಪಿಗೆ ಎಡೆಯುಂಟು. ಇದು ಮರೆವಲ್ಲ, ನಿಯಮ. ಒಂದು ಹೆಸರಿಗೆ ಯಾವ ಯಾವ ಲಿಪಿ, ಯಾವುದು ಮೊದಲು ಎಂಬ ತಕರಾರು ಬಗೆಹರಿಯದೆ ಹೋದಾಗ, ಭಾರತಕ್ಕೆ ಸಂಬಂಧಿಸಿದ ಲೇಖನಗಳ ಪೀಠಿಕೆಯಿಂದ ಭಾರತೀಯ ಲಿಪಿಗಳನ್ನೇ ಕೈಬಿಡುವುದೆಂದು ಅಲ್ಲಿನ ಸಂಪಾದಕರು ದಶಕದ ಹಿಂದೆಯೇ ಚರ್ಚಿಸಿ ನಿರ್ಧರಿಸಿದರು.

ನಾಮಫಲಕದ ಜಗಳವನ್ನು ಕಂಡುಂಡ ಗಡಿನಾಡಿನ ಓದುಗರಿಗೆ ಆ ತಕರಾರು ಹೊಸದಲ್ಲ, ಹೊಸದು ಪರಿಹಾರ. ಸಪ್ತಭಾಷೆಗಳ ನೆಲವೆಂದು ತನ್ನನ್ನು ಕರೆದುಕೊಳ್ಳುವ ಕಾಸರಗೋಡಿನ ವಿಷಯದಲ್ಲಿ ಈ ನಿಯಮ ಯಾರಿಗೂ ಪಕ್ಷಪಾತ ಮಾಡುವುದಿಲ್ಲ, ನಿಜ. ಕನ್ನಡವೂ ಇಲ್ಲ, ಮಲಯಾಳವೂ ಇಲ್ಲ. ಆದರೆ ರೋಮನ್ ಲಿಪಿಯಲ್ಲಿ ಊರಿನ ಹೆಸರಿಗೆ ಒಂದೇ ರೂಪವನ್ನು ಶೀರ್ಷಿಕೆಯಾಗಿ ಆರಿಸಲೇಬೇಕು. ಮಂಜೇಶ್ವರವೋ ಮಂಜೇಶ್ವರಂ ಎಂದೋ? ಇಂಗ್ಲಿಷ್ ಆಕರಗಳಲ್ಲಿ ಹೆಚ್ಚು ಬಳಕೆಯಲ್ಲಿರುವ ರೂಪಕ್ಕೆ ಅಲ್ಲಿ ಮನ್ನಣೆ. ಅಂಥ ಬಳಕೆಯನ್ನು ರೂಪಿಸುವುದರಲ್ಲಿ ರಾಜ್ಯಾಡಳಿತದ ಕಾಗದಪತ್ರಗಳಿಗೆ ದೊಡ್ಡ ಪಾಲಿದೆ. ಹೀಗೆ ತಟಸ್ಥತೆ ಸದ್ದಿಲ್ಲದೆ ಬಹುಸಂಖ್ಯಾತರ ಕಡೆಗೆ ವಾಲುತ್ತದೆ.

ಈ ನಿರ್ಧಾರಕ್ಕೆ ಹಣ ಕಾರಣವೆಂದು ಶಂಕಿಸುವುದು ಸುಲಭ, ಆದರೆ ತಪ್ಪು. 2001ರ ಜನವರಿಯಲ್ಲಿ ಹುಟ್ಟಿದ ಈ ವಿಶ್ವಕೋಶವನ್ನು 2003ರಿಂದ ಪೋಷಿಸುತ್ತಿರುವ ವಿಕಿಮೀಡಿಯ ಪ್ರತಿಷ್ಠಾನ ಲೇಖನಗಳನ್ನು ಬರೆಸುವುದಿಲ್ಲ. ಜಾಹೀರಾತು ಬರಬಹುದೆಂಬ ಗುಮಾನಿಗೇ 2002ರಲ್ಲಿ ಸ್ಪ್ಯಾನಿಷ್ ಬರಹಗಾರರ ಒಂದು ಗುಂಪು ಸಿಡಿದು ಬೇರೆ ಕೋಶವನ್ನೇ ಕಟ್ಟಿತು, ಇಂದಿಗೂ ಜಾಹೀರಾತಿಲ್ಲ. ಓದುಗರ ಸಣ್ಣ ಸಣ್ಣ ದೇಣಿಗೆಗಳೇ ಮುಖ್ಯ ಆದಾಯ. ವಾರ್ಷಿಕ ವೆಚ್ಚ ಈಚೆಗೆ 15 ಕೋಟಿ ಡಾಲರ್ ಮೀರಿದೆ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಸಿಬ್ಬಂದಿಯ ಸಂಬಳ. ಬರೆಯುವವನಿಗೆ ಅದರಲ್ಲಿ ಬಿಡಿಗಾಸೂ ಇಲ್ಲ.

ಇದನ್ನು ಶೋಷಣೆಯೆನ್ನುವವರಿದ್ದಾರೆ. ನಾನು ಒಪ್ಪಲಾರೆ, ಕನ್ನಡದ್ದೇ ಅನುಭವ ಎದುರಿಗಿದೆ. 2009ರ ಆಸುಪಾಸಿನಲ್ಲಿ ಗೂಗಲ್ ಸಂಸ್ಥೆಯು ಸಂಭಾವನೆ ಕೊಟ್ಟು, ತನ್ನ ಅನುವಾದ ಸಲಕರಣೆಯ ನೆರವಿನಿಂದ ಇಂಗ್ಲಿಷ್ ಲೇಖನಗಳನ್ನು ಕನ್ನಡ, ತಮಿಳು, ತೆಲುಗುಗಳಿಗೆ ತರಿಸಿತು. ಬಂಗಾಳಿ ಸಂಪಾದಕರು ಅವನ್ನು ನಿರಾಕರಿಸಿದರು. ಕನ್ನಡದಲ್ಲಿ ಉಳಿದ ಆ ಪುಟಗಳಲ್ಲಿ ಪದ ಕನ್ನಡದ್ದು, ಎಲುಬು ಇಂಗ್ಲಿಷಿನದು. ಕರ್ತೃಪದದಿಂದ ಕ್ರಿಯಾಪದಕ್ಕೆ ತಲುಪುವಷ್ಟರಲ್ಲಿ ಓದುಗನ ಉಸಿರು ಕಟ್ಟುತ್ತದೆ. ಬರೆದವರಿಗೆ ಅವು ತಮ್ಮವೆನಿಸಲಿಲ್ಲವಾಗಿ ತಿದ್ದಲು ಅವರು ಮರಳಲಿಲ್ಲ. ಕನ್ನಡ ಲಿಪಿಯಲ್ಲೇ ಬರೆಯಲಾಗುವ ತುಳು ವಿಕಿಪೀಡಿಯವೋ ವರ್ಷಗಟ್ಟಲೆ ಪ್ರಾಯೋಗಿಕ ಹಂತದಲ್ಲೇ ಕಾದು 2016ರಲ್ಲಷ್ಟೇ ಸ್ವತಂತ್ರವಾಯಿತು. ಬಿಡುವು ಮಾಡಿಕೊಂಡು ಬರೆಯುವ ಹತ್ತಾರು ಜನ ಸೇರುವವರೆಗೂ ಕಾಯಬೇಕಾಯಿತು. ಆದರೆ ಅಲ್ಲಿಯ ವಾಕ್ಯ ತುಳುವಿನದೇ.

ನನ್ನ ನಿಜವಾದ ಆಕ್ಷೇಪ ಸಾಕ್ಷ್ಯದ ನಿಯಮದ ಮೇಲೆ. ಪ್ರಕಟಿತ ಆಕರವಿಲ್ಲದ ಮಾತಿಗೆ ಅಲ್ಲಿ ನೆಲೆಯಿಲ್ಲ. ಕಟ್ಟುಕತೆಯನ್ನು ತಡೆಯಲು ಇದು ಬೇಕು, ಸರಿ. ಆದರೆ ಆಡಳಿತವೂ ಶಾಲೆಯೂ ಬೇರೆ ಭಾಷೆಯಲ್ಲಿರುವ ಕಡೆ ಅಚ್ಚಾಗದೆ ಉಳಿದ ತಿಳಿವಳಿಕೆಯೇ ಹೆಚ್ಚು. 2011ರಲ್ಲಿ ಅಚಲ್ ಪ್ರಭಾಲ ಅವರು ಮಲಯಾಳಂ, ಹಿಂದಿ ಹಾಗೂ ದಕ್ಷಿಣ ಆಫ್ರಿಕದ ಉತ್ತರ ಸೋಥೋ ಭಾಷೆಗಳಲ್ಲಿ ಧ್ವನಿಮುದ್ರಿತ ಸಂದರ್ಶನಗಳನ್ನೇ ಆಕರವಾಗಿ ಬಳಸುವ ಪ್ರಯೋಗ ನಡೆಸಿದರು. ಅದು ಪ್ರಯೋಗವಾಗಿಯೇ ಉಳಿಯಿತು, ನಿಯಮ ಬದಲಾಗಲಿಲ್ಲ.

ಪರಿಣಾಮ ವಿಚಿತ್ರ. ಜತ್ತದ ಕಡೆಯ ಅಜ್ಜಿಯೊಬ್ಬಳು ತನ್ನ ಊರಿನ ಹೆಸರಿನ ಹುಟ್ಟನ್ನು ವಿವರಿಸಿದರೆ ಅದು ಆಕರವಲ್ಲ. ಅವಳ ಮಾತನ್ನೇ ನಾನು ಕ್ಷೇತ್ರಕಾರ್ಯದ ಟಿಪ್ಪಣಿಯಾಗಿ ಈ ಪತ್ರಿಕೆಗೆ ಬರೆದುಕೊಟ್ಟರೆ, ಅಚ್ಚಾದ ಮರುದಿನವೇ ಆಕರ. ಅಡಿಟಿಪ್ಪಣಿಯಲ್ಲಿ ನನ್ನ ಹೆಸರಿರುತ್ತದೆ.