ಪಡಸಾಲೆಯಲ್ಲಿ ಉಳಿಯುವವರಿಗೆ

ಜಮಖಂಡಿ, ಮುಧೋಳ ಕಡೆ ಬಂದವರು ಸಾಮಾನ್ಯವಾಗಿ ಬಸ್ ಸ್ಟ್ಯಾಂಡಿನ ಹತ್ತಿರದ ಲಾಡ್ಜಿನಲ್ಲಿ ಇಳಿಯುತ್ತಾರೆ. ರಾಮತೀರ್ಥದ ಗುಡ್ಡದ ಮೇಲಿನ ಪಟವರ್ಧನರ ಅರಮನೆ ನೋಡುತ್ತಾರೆ, ರನ್ನನ ಊರೆಂದು ಮುಧೋಳಕ್ಕೆ ಹೋಗುತ್ತಾರೆ, ಬನಹಟ್ಟಿಯಲ್ಲಿ ಒಂದು ಸೀರೆ ಕೊಂಡು ಸಂಜೆಯ ಬಸ್ಸಿಗೆ ಹೊರಡುತ್ತಾರೆ. ನೋಡಿದ್ದಾಯಿತು, ಆದರೆ ಉಳಿದದ್ದಾಗಲಿಲ್ಲ. ಈ ಸೀಮೆಯ ರುಚಿ ಹತ್ತಬೇಕಾದರೆ ಹಳೆಯ ಮಾಳಿಗೆ ಮನೆಯೊಂದರ ಪಡಸಾಲೆಯಲ್ಲಿ ಅತಿಥಿಯಾಗಿ ಒಂದು ರಾತ್ರಿ ಕಳೆಯಬೇಕು. ಅದಕ್ಕೆ ಬೋರ್ಡಿಲ್ಲ, ಬಾಡಿಗೆಯಿಲ್ಲ. ಪರಿಚಯದವರ ಒಂದು ಮಾತು ಸಾಕು. ಹಾಗೆ ಬರುವ ಹೊಸಬರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಮೊದಲು ಮನೆಯನ್ನು ತಿಳಿಯಿರಿ. ತಲಬಾಗಿಲಿನ ಎರಡೂ ಕಡೆ ಕಟ್ಟೆ. ಬಳೆಗಾರರು, ಜಂಗಮರು, ದಾರಿಹೋಕರು ತಲೆಮಾರುಗಳಿಂದ ಕುಳಿತೆದ್ದ ಜಾಗ ಅದು. ಕ್ರಿ.ಶ. 949ರಲ್ಲಿ ಇದೇ ಮುಧೋಳದಲ್ಲಿ ಹುಟ್ಟಿದ ರನ್ನನೂ ಬಳೆಗಾರರ ಮನೆತನದವನೇ. ತಲಬಾಗಿಲು ದಾಟಿದರೆ ಒಕ್ಕಲುತನದ ಮನೆಯಲ್ಲಿ ಎದುರಾಗುವುದು ದಂದಕ್ಕಿ, ಎತ್ತು ಎಮ್ಮೆ ಕಟ್ಟುವ ತಗ್ಗಿನ ಅಂಗಳ. ಅದಕ್ಕಿಂತ ಎರಡು ಮೆಟ್ಟಿಲು ಎತ್ತರದಲ್ಲಿ, ಮರದ ಕಂಬಗಳ ಹಿಂದೆ, ಪಡಸಾಲೆ. ಒಳಗೆ ನಡುಮನೆ, ಅದರಾಚೆ ಅಡಿಗೆ ಮನೆ, ದೇವರ ಜಗಲಿ. ಮೇಲೆ ತೊಲೆ, ಜಂತಿ, ಅದರ ಮೇಲೆ ದಪ್ಪ ಮಣ್ಣಿನ ಮಾಳಿಗೆ. ಜಮಖಂಡಿ 1811ರಿಂದ 1948ರವರೆಗೆ ಪಟವರ್ಧನರ ಸಂಸ್ಥಾನ, ಮುಧೋಳ ಘೋರ್ಪಡೆಯವರ ಸಂಸ್ಥಾನ. ಆ ಕಾಲದ ದೊಡ್ಡ ಮನೆತನಗಳ ವಾಡೆಗಳಲ್ಲಿ ನಡುವೆ ಚೌಕ, ಸುತ್ತ ಮಹಡಿ ಕಾಣುತ್ತೀರಿ. ವಾಡೆ ದೊಡ್ಡದಿರಲಿ, ಒಕ್ಕಲಿಗನ ಮನೆ ಸಣ್ಣದಿರಲಿ, ಅತಿಥಿಯ ಜಾಗ ಮಾತ್ರ ಪಡಸಾಲೆಯೇ.

ಪ್ರತ್ಯೇಕ ಕೋಣೆ ಕೇಳಬೇಡಿ. ಪಡಸಾಲೆಯ ಸೊಗಸು ಇರುವುದೇ ಅದು ಹೊತ್ತಿಗೊಂದು ರೂಪ ತಾಳುವುದರಲ್ಲಿ. ಮುಂಜಾನೆ ಅಲ್ಲಿ ಊರಿನವರು ಬಂದು ಕುಳಿತು ವ್ಯವಹಾರ ಮಾತಾಡುತ್ತಾರೆ. ಮಧ್ಯಾಹ್ನ ಅದೇ ಜಾಗದಲ್ಲಿ ಜೋಳ ಹಸನು ಮಾಡುತ್ತಾರೆ, ಇಳಿಹೊತ್ತಿಗೆ ಮಕ್ಕಳ ಪಾಠ, ರಾತ್ರಿ ಊಟದ ಸಾಲು, ಆಮೇಲೆ ಹಾಸಿಗೆ. ಮಾಳಿಗೆಯ ಬೆಳಕಿಂಡಿಯಿಂದ ಇಳಿದ ಬಿಸಿಲಿನ ತುಣುಕು ದಿನವಿಡೀ ನೆಲದ ಮೇಲೆ ಸರಿಯುತ್ತಿರುತ್ತದೆ. ಹಿರಿಯರು ಅದನ್ನು ನೋಡಿಯೇ ವೇಳೆ ಹೇಳುತ್ತಾರೆ.

ಈ ಒಂದೇ ಜಾಗದ ಹಲವು ರೂಪವನ್ನು ಜಪಾನಿನವರು ಒಂದು ಕಲೆಯಾಗಿಯೇ ಬೆಳೆಸಿದ್ದಾರೆ. ಕ್ಯೋಟೊ, ತಕಾಯಾಮಾದಂಥ ಹಳೆಯ ಊರುಗಳಲ್ಲಿ ರಿಯೋಕಾನ್ ಎಂಬ ವಸತಿಮನೆಗಳಿವೆ. ಬಾಗಿಲಲ್ಲೇ ಪಾದರಕ್ಷೆ ಬಿಟ್ಟು, ಒಂದು ಮೆಟ್ಟಿಲು ಏರಿ ಒಳಗೆ ಹೋಗಬೇಕು. ಚಾಪೆಯ ನೆಲದ ಕೋಣೆಯಲ್ಲಿ ಹಗಲು ತಗ್ಗು ಮೇಜಿನ ಮುಂದೆ ಚಹಾ, ರಾತ್ರಿ ಮೇಜು ಸರಿಸಿ ಅಲ್ಲಿಯೇ ಹಾಸಿಗೆ. ಜಪಾನಿನದೇ ಆದ ನಿಶಿಯಾಮಾ ಒನ್ಸೆನ್ ಕೆಯುಂಕಾನ್ ಎಂಬ ವಸತಿಮನೆ ಕ್ರಿ.ಶ. 705ರಲ್ಲಿ ಶುರುವಾಗಿದ್ದು, ಜಗತ್ತಿನ ಅತಿ ಹಳೆಯ ಹೋಟೆಲ್ ಎಂದು ಗಿನ್ನೆಸ್ ದಾಖಲೆಯಲ್ಲಿದೆ. ಇಂಥ ವಸತಿಮನೆಗಳಲ್ಲಿ ಉಳಿದವರು ದುಡ್ಡು ಕೊಟ್ಟು ಉಳಿಯುತ್ತಾರೆ, ಆ ದುಡ್ಡಿನಿಂದ ಹಳೆಯ ಮನೆಯೂ ಉಳಿಯುತ್ತದೆ. ನಮ್ಮಲ್ಲಿ ಉಪಚಾರ ಉಳಿದಿದೆ, ಮನೆಗಳು ಬೀಳುತ್ತಿವೆ.

ಒಳಗೆ ಕಾಲಿಟ್ಟ ಮೇಲೆ ನಡೆಯುವುದಕ್ಕೆ ಒಂದು ಕ್ರಮ ಇದೆ. ಮೊದಲು ಕಾಲಿಗೆ ನೀರು. ತಂಬಿಗೆ ಕೈಗೆ ಬಂದರೆ ಬೇಡ ಅನ್ನಬೇಡಿ, ಮುಖ ಕೈಕಾಲು ತೊಳೆದುಕೊಳ್ಳಿ. ಆಮೇಲೆ ‘ಬರ್ರಿ, ಮ್ಯಾಲ ಕುಂಡ್ರಿ’ ಎಂದು ಜಮಖಾನ ಹಾಸುತ್ತಾರೆ. ಕುಡಿಯಲು ನೀರು, ಜತೆಗೆ ಬೆಲ್ಲದ ತುಣುಕು, ಹಿಂದೆಯೇ ಚಹಾ. ಬಂದ ಕೆಲಸವನ್ನು ಕೂತ ತಕ್ಷಣ ಹೇಳುವುದು ಒರಟುತನ. ಮಳೆ, ಬೆಳೆ, ಕಬ್ಬಿನ ಬಿಲ್ಲು, ಮಕ್ಕಳ ಓದು, ಇಷ್ಟು ಮಾತು ಮೊದಲು ಆಗಬೇಕು. ಯಜಮಾನರನ್ನು ‘ಕಾಕಾ’ ಅನ್ನಿ, ಮನೆಯವರನ್ನು ‘ಅಕ್ಕಾರ’, ‘ಅವ್ವಾರ’ ಅನ್ನಿ. ‘ಸರ್’, ‘ಮೇಡಂ’ ಪಡಸಾಲೆಯಲ್ಲಿ ಹೊಂದುವುದಿಲ್ಲ.

ಊಟಕ್ಕೆ ಸಮಯ ಕೊಡಿ. ರೊಟ್ಟಿ ಬಡಿಯುವ ಸದ್ದು ಕೇಳಿದ ಮೇಲೆ ಹೊರಗೆ ತಿರುಗಾಡಲು ಹೋಗಬೇಡಿ. ಬಿಸಿ ಜೋಳದ ರೊಟ್ಟಿ ಒಲೆಯಿಂದ ನೇರ ತಾಟಿಗೆ ಬರುತ್ತದೆ, ಅದು ಉಬ್ಬಿ ಇನ್ನೂ ಹಬೆಯಾಡುತ್ತಿರುವಾಗಲೇ ಮುರಿಯಬೇಕು. ಸುತ್ತ ಬದನೆಕಾಯಿ ಎಣ್ಣೆಗಾಯಿ, ಹೆಸರುಕಾಳಿನ ಪಲ್ಯ, ಶೇಂಗಾ ಹಿಂಡಿ, ಅಗಸಿ ಹಿಂಡಿ, ಗುರೆಳ್ಳ ಹಿಂಡಿ. ಹಿಂಡಿಯ ನಡುವೆ ಬೆರಳಿಂದ ಗುಳಿ ಮಾಡಿ ಎಣ್ಣೆಯನ್ನೋ ಕೆನೆಮೊಸರನ್ನೋ ಹಾಕಿಸಿಕೊಳ್ಳಿ. ಹಸಿ ಮೆಂತೆ ಪಲ್ಲೆ, ಉಳ್ಳಾಗಡ್ಡಿ, ಸವತೆಕಾಯಿ ಅಲಂಕಾರಕ್ಕೆ ಇಟ್ಟದ್ದಲ್ಲ. ಖಾರದ ತುತ್ತಿಗೊಮ್ಮೆ ಕಚ್ಚಲಿಕ್ಕೆ ಇರುವಂಥವು. ಸಾಕೆನಿಸಿದರೆ ಬಾಯಿಮಾತು ನಡೆಯುವುದಿಲ್ಲ. ‘ಇನ್ನೊಂದ ಅರ್ಧಾ’ ಎಂದು ರೊಟ್ಟಿ ಬರುತ್ತಲೇ ಇರುತ್ತದೆ. ತಾಟಿನ ಮೇಲೆ ಕೈ ಅಡ್ಡ ಹಿಡಿದರೆ ಮಾತ್ರ ನಿಲ್ಲುತ್ತದೆ. ಉಣ್ಣುವವರ ಪಕ್ಕ ಮನೆಯ ಹೆಂಗಸರು ನಿಂತೇ ಬಡಿಸುತ್ತಾರೆ, ತಾವು ಕಡೆಗೆ ಉಣ್ಣುತ್ತಾರೆ. ಇದು ನನಗೆ ಎಂದೂ ಒಪ್ಪಿಗೆಯಾದ ರೀತಿಯಲ್ಲ. ‘ನೀವೂ ಕೂಡ್ರಿ’ ಎಂದು ಕರೆಯಿರಿ. ಈಗೀಗ ಕೂರುವ ಮನೆಗಳೂ ಇವೆ.

ಇನ್ನೊಂದು ಮಾತನ್ನು ಮುಚ್ಚಿಡಬಾರದು. ಯಾರು ಕಟ್ಟೆಗೆ, ಯಾರು ಪಡಸಾಲೆಗೆ, ಯಾರು ನಡುಮನೆಗೆ ಎಂಬುದನ್ನು ಬಹುಕಾಲ ಜಾತಿಯೇ ತೀರ್ಮಾನಿಸಿತು. ಹನ್ನೆರಡನೆಯ ಶತಮಾನದಲ್ಲಿ ಇದೇ ನಾಡಿನಲ್ಲಿ ಶರಣರು ದಾಸೋಹವೆಂದು ಸಾರಿದ ಮೇಲೂ ಆ ಮೆಟ್ಟಿಲುಗಳು ಸವೆಯಲಿಲ್ಲ. ಹಳೆಯ ಮನೆಯನ್ನು ಮೆಚ್ಚುವವರಿಗೆ ಇದೂ ಗೊತ್ತಿರಬೇಕು. ನಿಮ್ಮೊಂದಿಗೆ ಬಂದ ಡ್ರೈವರ್ ಕಟ್ಟೆಯ ಮೇಲೆಯೇ ಉಳಿದರೆ, ಅವನನ್ನೂ ಕರೆದುಕೊಂಡು ಒಳಗೆ ಹೋಗಿ.

ರಾತ್ರಿ ಕೌದಿ ಹಾಸುತ್ತಾರೆ. ಮಲಗುವ ಮುಂಚೆ ದೀಪದ ಬೆಳಕಿಗೆ ಹಿಡಿದು ಅದನ್ನು ನೋಡಿ. ಹಳೆಯ ಸೀರೆ, ಧೋತರ, ಕುಪ್ಪಸದ ತುಂಡುಗಳನ್ನು ಪದರ ಪದರವಾಗಿ ಇಟ್ಟಿರುತ್ತಾರೆ, ಅಂಚಿನಿಂದ ಹೊರಟ ಸಣ್ಣ ಹೊಲಿಗೆ ಸುತ್ತುತ್ತಾ ಸುತ್ತುತ್ತಾ ನಡುವಿಗೆ ಬರುತ್ತದೆ. ಕೈಯಾಡಿಸಿದರೆ ಸಾಲು ಸಾಲಾಗಿ ಏರಿಳಿವ ಗೆರೆ ಬೆರಳಿಗೆ ಸಿಗುತ್ತದೆ. ಯಾವ ತುಂಡು ಯಾರ ಸೀರೆಯದೆಂದು ಆಯಿಯನ್ನು ಕೇಳಿ. ಮನೆತನದ ಅರ್ಧ ಚರಿತ್ರೆ ಅಲ್ಲಿಯೇ ಹೊರಬೀಳುತ್ತದೆ. ಹೆಣ್ಣುಮಕ್ಕಳು ಬಂದಿದ್ದರೆ ನಡುಮನೆಯಲ್ಲಿ ಮನೆಯ ಹೆಂಗಸರೊಂದಿಗೆ ಹಾಸಿಗೆ. ನನ್ನನ್ನು ಕೇಳಿದರೆ ಒಳ್ಳೆಯ ಮಾತು ನಡೆಯುವುದೂ ಅಲ್ಲಿಯೇ. ಬೇಸಿಗೆಯಲ್ಲಿ ಬಂದವರು ಮಾಳಿಗೆ ಏರಿ ಮಲಗಿ. ಹಗಲು 40 ಡಿಗ್ರಿ ಕಾದ ಊರಿಗೆ ನಡುರಾತ್ರಿಯ ಮೇಲೆ ತಂಪು ಗಾಳಿ ಬರುತ್ತದೆ.

ರಬಕವಿ-ಬನಹಟ್ಟಿಯ ನೇಕಾರರ ಮನೆ ಬೇರೆಯದೇ ಲೋಕ. ಅಲ್ಲಿ ಪಡಸಾಲೆಯನ್ನು ಮಗ್ಗ ಆಳುತ್ತದೆ. ಕುಣಿಮಗ್ಗ ಉಳಿಸಿಕೊಂಡ ಮನೆ ಸಿಕ್ಕರೆ ಅದೃಷ್ಟ. ನೇಕಾರ ಕುಣಿಯಲ್ಲಿ ಕಾಲು ಇಳಿಬಿಟ್ಟು ನೆಲದ ಮಟ್ಟಕ್ಕೇ ಕುಳಿತಿರುತ್ತಾನೆ, ಕಾಲು ತುಳಿದಂತೆ ಹಾಸು ಬಾಯಿ ತೆರೆಯುತ್ತದೆ, ಲಾಳಿ ಅತ್ತಿಂದಿತ್ತ ಹಾಯುತ್ತದೆ. ಪಕ್ಕದಲ್ಲಿ ಅಜ್ಜಿ ರಾಟಿಯ ಮೇಲೆ ಕಂಡಿಕೆ ಸುತ್ತುತ್ತಿರುತ್ತಾಳೆ. ಸೆರಗಿನ ರೇಷ್ಮೆ ಎಳೆಗೂ ಒಡಲಿನ ಎಳೆಗೂ ಕೊಂಡಿ ಹಾಕಿ ಜೋಡಿಸುವ ಜಾಗವನ್ನು ತೋರಿಸಿ ಎಂದು ಕೇಳಿ. ಇಳಕಲ್ ಮಾದರಿಯ ಸೀರೆಯ ಜೀವ ಅಲ್ಲಿದೆ. ಆದರೆ ಎಳೆ ಹರಿದಾಗ ಮಾತಾಡಿಸಬೇಡಿ, ಅದನ್ನು ಗಂಟು ಹಾಕುವವರೆಗೆ ಸುಮ್ಮನಿರಿ. ಹೆಚ್ಚಿನ ಮನೆಗಳಲ್ಲಿ ಈಗ ಪಾವರ್‌ಲೂಮ್. ಅದರ ಖಟಪಟ ಸದ್ದಿನಲ್ಲಿ ಮೊದಲ ರಾತ್ರಿ ನಿದ್ದೆ ಹತ್ತುವುದು ಕಷ್ಟ. ಕರೆಂಟು ಹೋಗಿ ಓಣಿಯೆಲ್ಲ ಒಮ್ಮೆಗೇ ನಿಂತಾಗ ಮನೆಯವರ ಮುಖ ನೋಡಿ. ಆ ಸದ್ದು ಅವರಿಗೆ ಅನ್ನ ಎಂಬುದು ತಿಳಿಯುತ್ತದೆ.

ಬೀಳಗಿ ತಾಲೂಕಿನಲ್ಲಿ ಹಳೆಯ ಮಾಳಿಗೆ ಮನೆ ಹುಡುಕುವುದು ಕಷ್ಟ. ಆಲಮಟ್ಟಿಯ ಹಿನ್ನೀರಿಗೆ ಕೃಷ್ಣೆಯ ದಂಡೆಯ ಊರುಗಳು ಹೋದವು. ಪುನರ್ವಸತಿ ಕೇಂದ್ರಗಳ ಸಿಮೆಂಟ್ ಮನೆಗಳಲ್ಲಿ ಕೆತ್ತನೆಯ ಹಳೆಯ ಬಾಗಿಲೊಂದು ಕಂಡರೆ ಅದರ ಮುಂದೆ ನಿಂತು ವಿಚಾರಿಸಿ. ಮುಳುಗುವ ಮುಂಚೆ ಬಿಚ್ಚಿ ತಂದದ್ದಾಗಿರಬಹುದು.

ಬರುವುದಾದರೆ ಮಾಗಿಯಲ್ಲಿ ಬನ್ನಿ. ಹೊಲದಲ್ಲಿ ಸುಟ್ಟ ಎಳೆಜೋಳದ ಸೀತನಿ, ಮುಧೋಳ-ಮಹಾಲಿಂಗಪುರದ ಕಡೆ ಗಾಣದಲ್ಲಿ ಬಿಸಿ ಬೆಲ್ಲ, ಕಬ್ಬಿನ ಹಾಲು ಸಿಗುವ ಕಾಲ ಅದು. ಹೊರಡುವಾಗ ಮನೆಯವರ ಕೈಗೆ ದುಡ್ಡು ಕೊಡಲು ಹೋಗಬೇಡಿ, ನೊಂದುಕೊಳ್ಳುತ್ತಾರೆ. ನೇಕಾರರ ಮನೆಯಾದರೆ ಅವರದೇ ಸೀರೆ ಕೊಳ್ಳಿ, ಚೌಕಾಸಿ ಮಾಡದೆ ಕೊಳ್ಳಿ. ಒಕ್ಕಲುತನದ ಮನೆಯಾದರೆ ಬೆಲ್ಲ ಕೊಳ್ಳಿ. ಹೊರಡುವ ಮಾತಾಗಿ ‘ಹೋಗಿ ಬರ್ತೀವ್ರಿ’ ಅನ್ನಿ.

ಕಡೆಗೆ ನಮ್ಮ ಕಡೆಯ ಮನೆ ಯಜಮಾನರಿಗೆ ಒಂದು ಬಿನ್ನಹ. ಮಣ್ಣಿನ ಮಾಳಿಗೆಗೆ ಪ್ರತಿ ಮಳೆಗಾಲದ ಮುಂಚೆ ಮಣ್ಣು ಹಾಕಿಸಬೇಕು, ಸೋರಿಕೆ ನೋಡಬೇಕು, ಆಳು ಸಿಗುವುದಿಲ್ಲ. ನಿಮ್ಮ ಕಷ್ಟ ಸುಳ್ಳಲ್ಲ. ಹಿಂದಿನ ಭಾಗವನ್ನು ಬೇಕಾದಂತೆ ಕಟ್ಟಿಸಿಕೊಳ್ಳಿ. ತಲಬಾಗಿಲು, ಕಟ್ಟೆ, ಪಡಸಾಲೆ, ಈ ಮೂರನ್ನು ಮಾತ್ರ ಕೆಡವಬೇಡಿ.